ನಿಮಗಿದು ಗೊತ್ತೆ? ಕಿತ್ತಳೆ ಹಡಗಿನಲ್ಲಿ ಹುಟ್ಟಿದ ಪ್ರಾರ್ಥನೆ

ಶಾಲೆಗಳಲ್ಲಿ ಮಕ್ಕಳು ಕೈಮುಗಿದು ಹಾಡುವ ‘ಕರುಣಾಳು ಬಾ ಬೆಳಕೆ’ಯ ಮೂಲ ಕವಿತೆ ಹುಟ್ಟಿದ್ದು ಮೆಡಿಟರೇನಿಯನ್ ಸಮುದ್ರದಲ್ಲಿ, ಕಿತ್ತಳೆ ಹೇರಿಕೊಂಡ ಹಾಯಿಹಡಗಿನ ಮೇಲೆ!

ಅದು 1833ರ ಜೂನ್ ತಿಂಗಳು. ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಅಂಚಿಗೆ ಹೋಗಿ ಬಂದಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಊರಿಗೆ ಹೊರಟಿದ್ದರು. ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಪೂರಾ ನಿಂತು, ಹಡಗು ಒಂದು ವಾರ ಕದಲಲಿಲ್ಲ. ಆ ಪಯಣದಲ್ಲಿ ಬರೆದ ಮೂರು ನುಡಿಗಳ ಕವಿತೆ ಮುಂದೆ ಚರ್ಚುಗಳ ಹಾಡಾಯಿತು, ಗಾಂಧೀಜಿಗೆ ಅಚ್ಚುಮೆಚ್ಚಾಯಿತು. ಕವಿ ಬಿ.ಎಂ.ಶ್ರೀ. ಅದನ್ನು ಕನ್ನಡಕ್ಕೆ ತಂದು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಸೇರಿಸಿದರು. ಅನುವಾದವೆಂಬ ಸುಳಿವೇ ಸಿಗದಷ್ಟು ಸಹಜ ಕನ್ನಡ ಅವರದು. ಯಾವ ದೇವರ ಹೆಸರೂ ಇಲ್ಲದ್ದರಿಂದ ಎಲ್ಲ ಮತದ ಮಕ್ಕಳೂ ಒಟ್ಟಿಗೆ ಹಾಡಬಹುದು. ಅದರ ದೊಡ್ಡತನ ಇರುವುದೇ ಇಲ್ಲಿ.

ಅತ್ತ ಅಮೆರಿಕದಲ್ಲೂ ಹೀಗೇ ಕವಿತೆಯೊಂದು ಚರ್ಚುಗಳ ಹಾಡಾಯಿತು. ಗುಲಾಮಗಿರಿಯ ವಿರುದ್ಧ ಹೋರಾಡಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕವಿ ಜಾನ್ ಗ್ರೀನ್‌ಲೀಫ್ ವಿಟಿಯರ್ 1872ರಲ್ಲಿ ಒಂದು ಕವಿತೆ ಪ್ರಕಟಿಸಿದರು. ಅದರ ವಸ್ತು ನಮ್ಮ ವೇದಕಾಲದ ಸೋಮರಸ! ಅಮಲಿನಿಂದ ದೇವರನ್ನು ಕಾಣುವ ಹಂಬಲ ಬೇಡ, ಶಾಂತವಾಗಿ ಕಾಯೋಣ ಎಂಬುದು ಅವರ ಮಾತು. 17 ನುಡಿಗಳ ಆ ಕವಿತೆಯ ಕೊನೆಯ ಭಾಗವನ್ನಷ್ಟೇ ತೆಗೆದುಕೊಂಡು ಚರ್ಚುಗಳು ಇಂದಿಗೂ ಹಾಡುತ್ತಿವೆ. ವಿಟಿಯರ್ ಬೆಳೆದ ಕ್ವೇಕರ್ ಸಭೆಗಳಲ್ಲಾದರೋ ಹಾಡುವ ರೂಢಿಯೇ ಇರಲಿಲ್ಲ, ಮೌನವೇ ಪ್ರಾರ್ಥನೆ.