ಬಿಸಿಲಿದ್ದೂ ಬಾರದ ವಿದ್ಯುತ್ತು

ತಾರಸಿಯ ಮೇಲೆ ಸೌರಫಲಕಗಳನ್ನು ಕೂರಿಸಿಕೊಂಡ ಗೃಹಸ್ಥನಿಗೆ, ತಿಂಗಳ ಬಿಲ್ಲು ತಾನೆಣಿಸಿದಷ್ಟು ಇಳಿಯದೆ ಹೋದಾಗ, ಮೊದಲು ಶಂಕೆ ಹುಟ್ಟುವುದು ಫಲಕದ ಮೇಲೆಯೇ. ಆದರೆ ಫಲಕವೇ ಅಪರಾಧಿಯಾಗಿರುವ ಸಂದರ್ಭ ವಿರಳ. ಅದರಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಒಳ್ಳೆಯ ಫಲಕದ ಶಕ್ತಿ ವರ್ಷಕ್ಕೆ ನೂರರಲ್ಲಿ ಅರ್ಧದಷ್ಟು ಮಾತ್ರ ಕುಂದುತ್ತದೆ. ಆದುದರಿಂದ ವಿಚಾರಣೆಯನ್ನು ಫಲಕದಿಂದಲ್ಲ, ನಮ್ಮ ನಿರೀಕ್ಷೆಯಿಂದಲೇ ಆರಂಭಿಸತಕ್ಕದ್ದು.

ವ್ಯವಸ್ಥೆಗೆ ಮೂರು ಕಿಲೋವ್ಯಾಟ್ ಎಂದು ಹೆಸರಿಟ್ಟಿದ್ದರೆ, ಆ ಅಂಕೆ ಪ್ರಯೋಗಶಾಲೆಯದು. ಚದರ ಮೀಟರಿಗೆ 1000 ವ್ಯಾಟ್ ಪ್ರಕಾಶವೂ ಕೋಶದ ಉಷ್ಣತೆ 25 ಡಿಗ್ರಿಯೂ ಇದ್ದಾಗ ಸಿಕ್ಕುವ ಫಲವದು. ಏಪ್ರಿಲ್ ಮಧ್ಯಾಹ್ನದ ತಾರಸಿಯ ಮೇಲೆ ಕೋಶವು 65 ಡಿಗ್ರಿಯವರೆಗೂ ಕಾಯುವುದುಂಟು. ಪ್ರತಿ ಡಿಗ್ರಿಗೂ ನೂರಕ್ಕೆ ಸುಮಾರು 0.35ರಷ್ಟು ಶಕ್ತಿ ಇಳಿಯುವುದರಿಂದ, ಕಾವೊಂದೇ ನೂರರಲ್ಲಿ ಹದಿನಾಲ್ಕು ಭಾಗವನ್ನು ಕಸಿಯುತ್ತದೆ. ಕರ್ನಾಟಕದಲ್ಲಿ ಕಿಲೋವ್ಯಾಟ್ ಒಂದಕ್ಕೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಬಂದರೆ ವ್ಯವಸ್ಥೆ ಆರೋಗ್ಯವಾಗಿದೆಯೆಂದೇ ತಿಳಿಯಬೇಕು. ಆಷಾಢದ ಮೋಡದಲ್ಲಿ ಅದು ಅರ್ಧಕ್ಕಿಳಿದರೆ ದೋಷವಲ್ಲ.

ಇನ್ನೊಂದು ಭ್ರಾಂತಿ ಮೀಟರಿನದು. ನೆಟ್ ಮೀಟರು ಹೊರಗೆ ಹೋದ ವಿದ್ಯುತ್ತನ್ನೂ ಒಳಗೆ ಬಂದ ವಿದ್ಯುತ್ತನ್ನೂ ಬರೆದಿಡುವುದೇ ವಿನಾ, ಹಗಲಲ್ಲಿ ಮನೆಯೇ ಬಳಸಿಕೊಂಡ ಸೌರವಿದ್ಯುತ್ತನ್ನು ಕಾಣದು. ಉತ್ಪತ್ತಿ ಎಷ್ಟೆಂಬುದನ್ನು ಇನ್ವರ್ಟರಿನಲ್ಲಿ ನೋಡಬೇಕು. ಹಗಲು ಹೊತ್ತು ಪಂಪು ಓಡಿಸುವ ಮನೆಯಲ್ಲಿ ಹೊರಗೆ ಹೋಗುವ ಲೆಕ್ಕ ಕಡಿಮೆಯಾಗುವುದು ಸಹಜ.

ಇಷ್ಟನ್ನು ಕಳೆದ ಮೇಲೂ ಕೊರತೆ ಉಳಿದರೆ, ಪ್ರಥಮ ಶಂಕಿತ ನೆರಳು. ಈ ವಿಷಯದಲ್ಲಿ ನಾವು ತೋರುವ ಅಲಕ್ಷ್ಯವನ್ನು ಕಂಡು ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಒಂದು ಸಾಲಿನ ಫಲಕಗಳು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಲ್ಪಟ್ಟಿರುವುದರಿಂದ, ಕಾಲುವೆಯ ಒಂದೆಡೆ ಇರುಕಾದರೆ ಅದರುದ್ದಕ್ಕೂ ನೀರಿನ ಹರಿವು ಕುಗ್ಗುವಂತೆ, ಒಂದು ಫಲಕದ ಮೂಲೆಯ ನೆರಳು ಸಾಲಿನ ಸಮಸ್ತ ಪ್ರವಾಹವನ್ನೇ ಕುಗ್ಗಿಸಬಲ್ಲದು. ಇದರ ಪರಿಹಾರಕ್ಕಾಗಿಯೇ ಫಲಕದ ಬೆನ್ನಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳಿದ್ದು, ನೆರಳು ಬಿದ್ದ ಮೂರನೆಯ ಒಂದು ಭಾಗವನ್ನು ಬಿಟ್ಟು ಪ್ರವಾಹವನ್ನು ಮುಂದಕ್ಕೆ ದಾಟಿಸುತ್ತವೆ. ಆ ಭಾಗದ ಉತ್ಪತ್ತಿ ಮಾತ್ರ ನಷ್ಟವೇ ಸರಿ.

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ನಿಂತು, ನೆಟ್ಟ ಕಂಬಕ್ಕೂ ನೆರಳಿಲ್ಲದಂತೆ ಮಾಡುತ್ತಾನೆ. ಆ ದಿನಗಳಲ್ಲಿ ಸ್ಥಳಪರೀಕ್ಷೆ ಮಾಡಿ, ದಕ್ಷಿಣದ ನೀರಿನ ತೊಟ್ಟಿಯಿಂದ ಬಾಧೆಯಿಲ್ಲವೆಂದು ನಿರ್ಣಯಿಸಿದವರು, ಡಿಸೆಂಬರಿನ ಕಡೆಯಲ್ಲಿ ಅದೇ ಸೂರ್ಯನು ನಡುಹಗಲಲ್ಲಿಯೂ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲುವುದನ್ನು ಮರೆತಿರುತ್ತಾರೆ. ಆಗ ಎರಡು ಮೀಟರ್ ಎತ್ತರದ ತೊಟ್ಟಿ ಒಂದೂವರೆ ಮೀಟರ್ ನೆರಳನ್ನು ಉತ್ತರಕ್ಕೆ ಚೆಲ್ಲುತ್ತದೆ. ಬೆಳಗೂ ಸಂಜೆಯೂ ಇನ್ನೂ ಉದ್ದ. ಪಕ್ಕದ ಮನೆಯ ತೆಂಗಿನ ಗರಿ, ಆಮೇಲೆ ಕಟ್ಟಿದ ಮಹಡಿ, ಬಟ್ಟೆ ಒಣಗಿಸುವ ತಂತಿಯ ಕಂಬ, ಇವೂ ಲೆಕ್ಕಕ್ಕೆ ಬರತಕ್ಕವು. ಚಳಿಗಾಲದ ಒಂದು ದಿನ ಬೆಳಗ್ಗೆ ಒಂಬತ್ತಕ್ಕೂ ಮಧ್ಯಾಹ್ನಕ್ಕೂ ಮೂರು ಗಂಟೆಗೂ ತಾರಸಿಗೆ ಹತ್ತಿ ನೋಡುವಷ್ಟು ಶ್ರಮವನ್ನು ವಹಿಸಿದರೆ ಅರ್ಧ ರೋಗನಿದಾನ ಅಲ್ಲಿಯೇ ಮುಗಿಯುತ್ತದೆ.

ನೆರಳಿನ ನಂತರದ ಶಂಕಿತ ಧೂಳು. ಅದರ ಪರೀಕ್ಷೆ ಸುಲಭ. ಎರಡು ಸಾಲುಗಳಿದ್ದಲ್ಲಿ ಒಂದನ್ನು ಮಾತ್ರ ತೊಳೆದು, ಅದೇ ದಿನ ಎರಡರ ಪ್ರವಾಹವನ್ನೂ ಹೋಲಿಸಬೇಕು. ತೊಳೆಯುವುದು ಮುಂಜಾನೆ, ಗಾಜು ತಣ್ಣಗಿರುವಾಗ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರಿಯುವ ಭಯವುಂಟು. ಗಡಸು ಬೋರ್‌ವೆಲ್ ನೀರು ಒಣಗಿ ಬಿಳಿಯ ಲವಣವನ್ನು ಉಳಿಸುವುದರಿಂದ ಮೆದು ನೀರೇ ಲೇಸು.

ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಉತ್ಪತ್ತಿಯ ರೇಖೆ ಥಟ್ಟನೆ ನೆಲಕಚ್ಚಿ ಮತ್ತೆ ಏಳುತ್ತಿದ್ದರೆ, ಅದು ಮೋಡದ ಲಕ್ಷಣವಲ್ಲ. ಬೀದಿಯ ತಂತಿಯಲ್ಲಿ 230 ವೋಲ್ಟ್ ಇರಬೇಕಾದುದು ಮೇಲೇರಿ ನಿಗದಿತ ಮಿತಿಯನ್ನು ಮೀರಿದಾಗ ಇನ್ವರ್ಟರು ತಾನಾಗಿ ಕಳಚಿಕೊಳ್ಳುತ್ತದೆ. ಇನ್ವರ್ಟರಿನಿಂದ ಮೀಟರಿಗೆ ಹೋಗುವ ತಂತಿ ತೆಳುವಾಗಿದ್ದರೂ ಹೀಗಾಗುತ್ತದೆ. ಇನ್ವರ್ಟರಿನ ಪರದೆಯಲ್ಲಿ ಮೂಡುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಊಹೆಗೆ ಆಸ್ಪದವೇ ಉಳಿಯುವುದಿಲ್ಲ. ಕರೆಂಟು ಹೋದಾಗಲೂ, ಬೀದಿಯ ತಂತಿಯಲ್ಲಿ ದುಡಿಯುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ, ಆ ತಂತಿಗೆ ಜೋಡಿಸಿದ ಈ ಬಗೆಯ ಇನ್ವರ್ಟರು ನಿಂತೇ ತೀರಬೇಕು. ಆ ನಷ್ಟವನ್ನು ದೂರಬಾರದು.

ಮುಂದಿನದು ತಂತ್ರಜ್ಞನ ಕೆಲಸ. ಎಂಟು ಫಲಕಗಳ ಸಾಲಿನಲ್ಲಿ ಮುನ್ನೂರು ವೋಲ್ಟಿಗೂ ಮೀರಿದ ಡಿಸಿ ವಿದ್ಯುತ್ತು ಹರಿಯುತ್ತಿರುತ್ತದೆ. ಹೊರೆಯಿದ್ದಾಗ ಕನೆಕ್ಟರನ್ನು ಕಿತ್ತರೆ ಏಳುವ ಕಿಡಿ ತಾನಾಗಿ ಆರುವುದಿಲ್ಲವಾದುದರಿಂದ ಮನೆಯವರು ಅದನ್ನು ಮುಟ್ಟಲೇಕೂಡದು. ಆತ ಅಳೆದಾಗ ಒಂದು ಸಾಲಿನ ವೋಲ್ಟೇಜು, ಫಲಕವೊಂದರ ಮೂರನೆಯ ಒಂದು ಭಾಗದಷ್ಟು ಕಡಿಮೆ ಕಂಡರೆ, ಬಹುಶಃ ಡಯೋಡು ಸುಟ್ಟಿದೆ. ಪ್ರವಾಹವೇ ಶೂನ್ಯವಾದರೆ ಫ್ಯೂಸನ್ನೋ ಸಡಿಲ ಕನೆಕ್ಟರನ್ನೋ ಹುಡುಕಬೇಕು. ಸೂರ್ಯಘರ್ ಯೋಜನೆಯ ಸಹಾಯಧನ ಪಡೆದವರಿಗೆ ಐದು ವರ್ಷಗಳ ನಿರ್ವಹಣೆಯ ಹೊಣೆ ಕೂರಿಸಿದವರದೇ ಆಗಿರುತ್ತದೆ. ದಿನದಿನದ ಉತ್ಪತ್ತಿಯ ಪಟ್ಟಿ, ದೋಷಸಂಖ್ಯೆ, ನೆರಳಿನ ಚಿತ್ರ, ಇಷ್ಟನ್ನು ಮುಂದಿಟ್ಟು ಲಿಖಿತವಾಗಿಯೇ ದೂರು ಕೊಡುವುದು ಉಚಿತ.