ಬಚ್ಚಲ ನೀರಿನಲ್ಲಿ ಕಾಬಾಳೆ ತೋಟ

ನಮ್ಮ ಮನೆಯ ಬಚ್ಚಲ ನೀರಿನ ಜಗಳ ನಿಮಗೆಲ್ಲಾ ಗೊತ್ತೇ ಇದೆ. ಅವತ್ತು ಓಣಿಯಲ್ಲಿ ಅರ್ಧ ಊರು ಕೂಡಿತ್ತು. "ನಿಮ್ಮ ಬಚ್ಚಲ ನೀರು ನಮ್ಮ ಬಾಗಿಲಿಗೆ ಯಾಕ ಬರಬೇಕವಾ?" ಎಂದು ಎದುರುಮನೆ ದೊಡ್ಡವ್ವ ಕೇಳಿದ್ದು ತಪ್ಪೇನಲ್ಲ. ಹೋದ ಮಳೆಗಾಲ ಅವರ ಮೊಮ್ಮಗನಿಗೆ ಡೆಂಗಿ ಜ್ವರ ಬಂದು, ರಾಯಚೂರು ದವಾಖಾನೆಯಲ್ಲಿ ಆರು ದಿನ ಇಟ್ಟಿದ್ದರು. ನಿಮ್ಮ ನೀರಿನಿಂದಲೇ ಬಂತು ಎಂದರು. ನಮ್ಮ ಅವ್ವ ಒಳಗೆ ಹೋಗಿ ಅತ್ತಳು. ಎರಡೂ ಮನೆಗಳ ಮಾತು ನಿಂತುಹೋಯಿತು. ಆಮೇಲೆ ಆ ನೀರನ್ನು ಹಿತ್ತಲಲ್ಲೇ ಮುಗಿಸಲು ನಾವು ಏನು ಮಾಡಿದೆವು ಅಂತ ಈಗ ಬರೆಯುತ್ತೇನೆ.

ಮೊದಲು, ನೀರು ನಿಲ್ಲುವುದು ಯಾಕೆ? ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಎಲ್ಲಾ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಕೆಳಗೆ ಇಳಿಯುವುದು ಬಲು ನಿಧಾನ. ಹಂಗಾಗಿ ಓಣಿಯಲ್ಲಿ ಕರ್ರಗೆ ನಿಂತು ನಾರುತ್ತದೆ. ವಿಜ್ಞಾನದ ಸರ್ ಒಂದು ಮಾತು ಹೇಳಿದರು. ಡೆಂಗಿ ಸೊಳ್ಳೆ ಗಟಾರದ್ದಲ್ಲ, ಅದು ಸ್ವಚ್ಛ ನೀರಿನಲ್ಲಿ, ಅಂದರೆ ಮುಚ್ಚದ ಹರವಿ, ತೊಟ್ಟಿ, ಹಳೇ ಟೈರುಗಳಲ್ಲಿ ಮೊಟ್ಟೆ ಇಡುತ್ತದೆ. ಕೊಳಚೆ ನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ, ಅದು ಆನೆಕಾಲು ರೋಗ ಹರಡುತ್ತದೆ. ಅಂದರೆ ಹುಡುಗನ ಜ್ವರ ನಮ್ಮ ಬಚ್ಚಲದಿಂದ ಬಂದಿರಲಿಕ್ಕಿಲ್ಲ. ಆದರೆ ಹಾಗಂತ ದೊಡ್ಡವ್ವನ ಮುಂದೆ ಹೋಗಿ ವಾದ ಮಾಡಲಿಕ್ಕೆ ಆಗುತ್ತದೇನು? ನೀರಂತೂ ನಮ್ಮದೇ.

ಬಚ್ಚಲ ಮೋರಿಯ ಹತ್ತಿರ ೬ ಅಡಿ ಉದ್ದ, ೩ ಅಡಿ ಅಗಲ, ೨ ಅಡಿ ಆಳದ ಗುಂಡಿ ತೋಡಿದೆವು. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ ತುಂಬಿದೆವು. ನೀರು ಒಳಗೆ ಬರುವ ಕಡೆ ತೂತಿನ ಹಳೇ ಗಡಿಗಿ ಹೂತು, ಅದರಲ್ಲಿ ಹುಲ್ಲು ಇಟ್ಟೆವು. ಕೂದಲು, ಸಾಬೂನಿನ ಚೂರು ಅಲ್ಲೇ ನಿಲ್ಲುತ್ತವೆ. ಆ ಹುಲ್ಲನ್ನು ವಾರಕ್ಕೊಮ್ಮೆ ತೆಗೆದು ತಿಪ್ಪೆಗೆ ಹಾಕುವುದು ನನ್ನ ಪಾಲಿನ ಕೆಲಸ, ವಾಸನೆ ಕೇಳಬೇಡಿರಿ.

ಇಲ್ಲಿ ಒಂದು ಲೆಕ್ಕ ಇದೆ. ೧೫ ಲೀಟರಿನ ಬಕೆಟ್ಟಿಗೆ ಜಲ್ಲಿ ತುಂಬಿ, ಮೇಲೆ ನೀರು ಸುರಿದು ನೋಡಿದೆ. ೬ ಲೀಟರು ಹಿಡಿಯಿತು, ಅಂದರೆ ನೂರಕ್ಕೆ ೪೦ ಪಾಲು ಸಂದು. ನಮ್ಮ ಗುಂಡಿ ೩೬ ಘನ ಅಡಿ, ಸುಮಾರು ೧೦೦೦ ಲೀಟರು. ಅದರಲ್ಲಿ ನೀರು ಹಿಡಿಯುವುದು ೪೦೦ ಲೀಟರು. ನಮ್ಮ ಮನೆಯಲ್ಲಿ ದಿನಕ್ಕೆ ೧೨ ಕೊಡ, ಅಂದರೆ ೧೮೦ ಲೀಟರು ಬಚ್ಚಲಿಗೆ ಹೋಗುತ್ತದೆ. ಹಂಗಾದರೆ ನೀರು ಕಲ್ಲಿನೊಳಗೆ ಎರಡು ದಿನ ಇದ್ದು ಆಚೆ ನುಗ್ಗೆ ಗಿಡಕ್ಕೆ ಹೋಗುತ್ತದೆ. ನೀರು ಜಲ್ಲಿಯಿಂದ ನಾಲ್ಕು ಬೆರಳು ಕೆಳಗೇ ಇರಬೇಕು. ಮೇಲೆ ಕಾಣದ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡಲಾರದು.

ಇನ್ನು ಗಿಡ. ಕಾಬಾಳೆ ಗಡ್ಡೆಯನ್ನು ಅಪ್ಪ ರಾಯಚೂರಿನಿಂದ ತಂದ. ಕೆಸುವಿನ ಗಡ್ಡೆಯನ್ನು ದೇವದುರ್ಗದ ಕಡೆಯಿಂದ ಸೋದರಮಾವ ಕೊಟ್ಟ, ಅವನ ಹೊಲದ ಹತ್ತಿರ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಸಿಯುತ್ತದೆ. ಇವು ಒಮ್ಮೆ ನೆಟ್ಟರೆ ವರ್ಷ ವರ್ಷ ಬರುವ ಗಿಡಗಳು, ಪುಸ್ತಕದಲ್ಲಿ ಬಹುವಾರ್ಷಿಕ ಅಂತಾರೆ. ಕೆಸರಿನಲ್ಲಿ ಬೇರೆ ಗಿಡಗಳ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಇವು ಯಾಕೆ ಕೊಳೆಯುವುದಿಲ್ಲ? ಕೆಸುವಿನ ದಂಟು ಅಡ್ಡ ಕೊಯ್ದು ನೋಡಿರಿ, ಸ್ಪಂಜಿನ ಹಾಗೆ ಸಣ್ಣ ತೂತುಗಳಿವೆ. ಅದರೊಳಗಿಂದ ಗಾಳಿ ಬೇರಿಗೆ ಇಳಿಯುತ್ತದೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಆ ಗಾಳಿಯಲ್ಲಿ ಬದುಕಿ ಕೊಳೆಯನ್ನು ತಿನ್ನುತ್ತವೆ. ಜರ್ಮನಿಯಲ್ಲಿ ಕೇಥೆ ಸೈಡೆಲ್ ಎಂಬ ಮಹಿಳಾ ವಿಜ್ಞಾನಿ ೧೯೫೦ರ ದಶಕದಲ್ಲೇ ಜೊಂಡಿನ ಜಾತಿಯ ಗಿಡಗಳಿಂದ ಕೊಳಚೆ ನೀರು ಶುದ್ಧ ಮಾಡುವ ಪ್ರಯೋಗ ಮಾಡಿದ್ದರು.

ತೂತು ಪರೀಕ್ಷೆ ಮಾಡುವವರು ತಾವರೆ ದಂಟನ್ನು ನೀರಿನಲ್ಲಿ ಅದ್ದಿ ಊದಿರಿ, ಗುಳ್ಳೆ ಬರುತ್ತವೆ. ಕೆಸುವಿನ ದಂಟಿಗೆ ಮಾತ್ರ ಬಾಯಿ ಹಚ್ಚಬೇಡಿರಿ. ಅದರಲ್ಲಿ ಸೂಜಿಯಂಥ ಹರಳುಗಳಿವೆ. ನಾನು ಊದಿ, ಮಧ್ಯಾಹ್ನದ ತನಕ ಗಂಟಲು ಕೆರೆದು ಒದ್ದಾಡಿದೆ.

ಬಜೆ ಕೂಡ ಇಂಥದೇ ಗಿಡ, ಕತ್ತಿಯಂಥ ಎಲೆ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ನೀರಿನ ಗದ್ದೆಯಲ್ಲಿ ಬೆಳೆಯುತ್ತಾರೆ. ಕೂಸಿಗೆ ತೇಯ್ದು ನೆಕ್ಕಿಸುವುದು ನಮ್ಮ ಅಜ್ಜಿಯ ಪದ್ಧತಿ, ಆದರೆ ಅದರ ಎಣ್ಣೆಯಲ್ಲಿ ವಿಷದ ಅಂಶ ಇದೆ ಎಂದು ಅಮೆರಿಕಾದಲ್ಲಿ ೧೯೬೮ರಲ್ಲೇ ಆಹಾರದಲ್ಲಿ ಬಳಸಬಾರದೆಂದು ಮಾಡಿದರು. ಕ್ಯಾಲೆಂಡರಿನಲ್ಲಿ ನೇರಳೆ ಬಣ್ಣದ ಐರಿಸ್ ಹೂ ನೋಡಿ ಅದನ್ನೂ ಹಚ್ಚೋಣ ಅಂದೆ. ಅದು ಕಾಶ್ಮೀರದಂಥ ಚಳಿ ಸೀಮೆಯದು, ನಮ್ಮ ಮೇ ತಿಂಗಳ ಬಿಸಿಲಿಗೆ ತಾಳದು ಎಂದರು ಸರ್. ಆಪು ಬೇಡವೇ ಬೇಡ. ಮಾನವಿ ಕಡೆ ತುಂಗಭದ್ರಾ ಎಡದಂಡೆಯ ಕಾಲುವೆಗಳಲ್ಲಿ ಅದು ನುಗ್ಗಿ ನೀರಿಗೆ ಅಡ್ಡ ನಿಲ್ಲುವುದನ್ನು ನೋಡಿದ್ದೀರಿ.

ಜರಿಗಿಡದ ಕತೆ ಬೇರೆ. ಹಾಳು ಬಾವಿಯ ಕಲ್ಲಿನ ಸಂದಿಯಿಂದ ಕರೀ ದಂಟಿನ ಜರಿ ತಂದು ಗುಂಡಿಯ ಅಂಚಿಗೆ ಹಚ್ಚಿದೆ. ಎರಡೇ ದಿನಕ್ಕೆ ಬಿಸಿಗಾಳಿಗೆ ಸುರುಟಿ ಹೋಯಿತು. ಜರಿಗೆ ಹೂವಿಲ್ಲ, ಬೀಜವಿಲ್ಲ, ಎಲೆಯ ಹಿಂದೆ ಪುಡಿಯಂಥ ಬೀಜಕಣ. ಅದು ಮೊಳೆತು ಮರಿ ಆಗಲು ತೆಳುವಾಗಿ ನೀರು ಹರಡಿರಬೇಕು, ಅದಕ್ಕೇ ಬಾವಿ ಬಿಟ್ಟು ಬರುವುದಿಲ್ಲ. ಎರಡನೇ ಸಲ ಕುಡಿಯುವ ನೀರಿನ ಗಡಿಗಿಯ ಹಿಂದೆ, ನೆರಳಿನಲ್ಲಿ, ಹನಿ ಬೀಳುವ ಜಾಗದಲ್ಲಿ ಇಟ್ಟೆ. ಅದು ಬದುಕಿದೆ.

ತಪ್ಪೂ ಆಯಿತು. ಅವ್ವ ಬಟ್ಟೆ ಒಗೆದ ಪೌಡರಿನ ನೀರನ್ನೂ ಅದಕ್ಕೇ ಬಿಟ್ಟಳು. ಕೆಸುವಿನ ಎಲೆ ಅಂಚು ಸುಟ್ಟಂತಾದವು. ಪೌಡರಿನಲ್ಲಿ ಸೋಡಿಯಂ ಉಪ್ಪು ಇರುತ್ತದೆ, ಎರಿ ಮಣ್ಣಿಗೆ ಅದು ಸೇರಿದರೆ ಮಣ್ಣು ಗಟ್ಟಿಯಾಗಿ ಸವುಳಾಗುತ್ತದೆ. ಈಗ ಆ ನೀರನ್ನು ಬೇರೆ ಹಾಕುತ್ತೇವೆ.

ಓಣಿ ಒಣಗಿ ನಾಲ್ಕು ತಿಂಗಳಾಯಿತು. ಕಾಬಾಳೆ ಕೆಂಪು ಹೂ ಬಿಟ್ಟಿದೆ, ಗಡ್ಡೆ ಒತ್ತಾಗಿದೆ, ಕಿತ್ತು ಬಿಡಿಸಬೇಕು. ಬೇಕಾದವರು ಭಾನುವಾರ ಚೀಲ ತಗೊಂಡು ಬರ್ರಿ. ಹತ್ತು ಗಡ್ಡೆ ಇವೆ. ಎರಡು ಈಗಾಗಲೇ ಎದುರುಮನೆ ದೊಡ್ಡವ್ವ ಹೇಳಿಟ್ಟಿದ್ದಾರೆ.

- ೯ನೇ ತರಗತಿ