ನಲವತ್ತೇ ಯಾಕೆ?

ಪ್ರಶ್ನೆ: ಸ್ಟೀಮ್ ಡೆಕ್‌ನಲ್ಲಿ ದೊಡ್ಡ ಗೇಮ್ ಆಡುವಾಗ ಫ್ರೇಮ್ ಮಿತಿ 40ಕ್ಕಿಡು ಅಂತಾರೆ. 30, 60 ಗೊತ್ತು. ಈ 40 ಎಲ್ಲಿಂದ ಬಂತು?

ಉತ್ತರ: ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದು ಚಿತ್ರ ಪರದೆಯ ಮೇಲೆ 33.3 ಮಿಲಿಸೆಕೆಂಡ್ ನಿಲ್ಲುತ್ತದೆ; 60 ಎಂದರೆ 16.7. ಇವೆರಡರ ನಟ್ಟನಡುವೆ ಇರುವುದು 25 ಮಿಲಿಸೆಕೆಂಡ್. ಅಂದರೆ 45 ಅಲ್ಲ, 40 ಫ್ರೇಮ್! ಹತ್ತೇ ಫ್ರೇಮ್ ಏರಿಸಿ ಅರ್ಧ ದಾರಿ ಸವೆಸಿದ ಹಾಗೆ.

ಆದರೆ ಪರದೆಯೂ ಅದೇ ತಾಳಕ್ಕೆ ಕುಣಿಯಬೇಕು. 60 ಹರ್ಟ್ಸ್ ಪರದೆಗೆ 40 ಫ್ರೇಮ್ ಉಣಿಸಿದರೆ ಒಂದು ಚಿತ್ರ ಎರಡು ಸಲ, ಮುಂದಿನದು ಒಂದೇ ಸಲ ಮೂಡಿ ಓಟ ಮುಗ್ಗರಿಸುತ್ತದೆ. ಅದಕ್ಕೇ 2022ರ ಎಲ್‌ಸಿಡಿ ಡೆಕ್‌ನಲ್ಲಿ ಪರದೆಯನ್ನೇ 40 ಹರ್ಟ್ಸ್‌ಗೆ ಇಳಿಸುವ ಸೌಲಭ್ಯವಿದೆ. 2023ರ ಓಎಲ್‌ಇಡಿ ಮಾದರಿ 80 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರವನ್ನೂ ಎರಡೆರಡು ಸಲ ತೋರಿಸುತ್ತದೆ.

60ರ ಬದಲು 40ಕ್ಕೆ ನಿಂತರೆ ಯಂತ್ರಕ್ಕೆ ಕೆಲಸ ಕಡಿಮೆ, ಬ್ಯಾಟರಿಗೂ ಉಸಿರಾಡಲು ಬಿಡುವು. ಎಲ್‌ಸಿಡಿ ಡೆಕ್‌ನದು 40 ವಾಟ್-ಅವರ್. ಯಂತ್ರ 20 ವಾಟ್ ಎಳೆದರೆ ಎರಡೇ ಗಂಟೆಯ ಆಟ; ಕಡಿಮೆ ಎಳೆದಷ್ಟೂ ಆಟ ಉದ್ದ.

ಗೇಮ್ 40 ಫ್ರೇಮ್ ಕೂಡ ಮುಟ್ಟದಿದ್ದರೆ ಮೊದಲು ನೆರಳಿನ ಗುಣಮಟ್ಟ ಇಳಿಸಿ. ಸಾಮಾನ್ಯವಾಗಿ ದೃಶ್ಯವನ್ನು ಬೆಳಕಿನ ಕಡೆಯಿಂದ ಇನ್ನೊಮ್ಮೆ ಬಿಡಿಸಿ ನೆರಳು ಹುಟ್ಟಿಸುತ್ತಾರೆ, ಆದ್ದರಿಂದ ಅದು ದುಬಾರಿ. ಏಳು ಇಂಚಿನ ಪರದೆಯಲ್ಲಿ ಹುಲ್ಲಿನ ನೆರಳು ಎಣಿಸುವವರು ಯಾರು? ಟೆಕ್ಸ್ಚರ್‌ಗೆ ಮಾತ್ರ ಸುಮ್ಮನೆ ಕೈ ಹಚ್ಚಬೇಡಿ. ಅದು ತಿನ್ನುವುದು ಹೆಚ್ಚಾಗಿ ಮೆಮೊರಿಯನ್ನು, ಡೆಕ್‌ನಲ್ಲಿ ಒಟ್ಟು 16 ಜಿಬಿ ಮೆಮೊರಿ ಇದೆ.